ಸಗುವಾರೊ ಹೂ ಮುದುಡುವ ಮುನ್ನ ಹಕ್ಕಿ ಹಿಡಿಯಿರಿ, ಕ್ಯಾಮೆರಾದಲ್ಲಿ!

ಅಮೆರಿಕದ ಸೊನೋರನ್ ಮರುಭೂಮಿಗೆ ಕಳ್ಳಿ ಹೂವಿನ ಮೇಲೆ ಕೂತ ಹಕ್ಕಿಯ ಫೋಟೊ ತೆಗೆಯಲು ಹೋದವರು ಬರಿಗೈಲಿ ಮರಳುವುದಕ್ಕೆ ಕಾರಣ ಹೆಚ್ಚಾಗಿ ಲೆನ್ಸ್ ಅಲ್ಲ, ನಿದ್ದೆ. ಸಗುವಾರೊ ಕಳ್ಳಿಯ ಬಿಳಿ ಹೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನ ಮುದುಡಿಬಿಡುತ್ತದೆ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಹೂ ಬಿಡುವುದು ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ. ಅರಿಜೋನಾದ ಟೂಸಾನ್ ನಗರದ ಪೂರ್ವ, ಪಶ್ಚಿಮ ಎರಡೂ ಕಡೆ ಸಗುವಾರೊ ರಾಷ್ಟ್ರೀಯ ಉದ್ಯಾನವಿದೆ. ಮೇ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದು 5.20ರ ಸುಮಾರಿಗೆ. ಗೇಟು ತೆರೆದ ಕೂಡಲೇ ಒಳಗಿರಿ.

ಆಮೇಲೆ ಗಿಡ ಆರಿಸಬೇಕು. ಅರ್ಧ ಕೆಲಸ ಇದೇ. ಸಗುವಾರೊ 12 ಮೀಟರ್‌ವರೆಗೂ ಬೆಳೆಯುತ್ತದೆ, ಹೂವೆಲ್ಲ ತುದಿಯಲ್ಲಿ. ಬುಡದಲ್ಲಿ ನಿಂತರೆ ಸಿಗುವುದು ಹಕ್ಕಿಯ ಹೊಟ್ಟೆ ಮಾತ್ರ! ಹಿಮದ ಹೊಡೆತಕ್ಕೆ ಕೆಲವು ಗಿಡಗಳ ತೋಳು ಕೆಳಗೆ ಜೋತಿರುತ್ತದೆ. ಅಂಥದ್ದೊಂದನ್ನು ಹುಡುಕಿ, ಸೂರ್ಯನಿಗೆ ಬೆನ್ನು ಮಾಡಿ, ದೂರದಲ್ಲಿ ಕೂತುಬಿಡಿ. ಗಿಡದಿಂದ ಗಿಡಕ್ಕೆ ಅಲೆದರೆ ಹಕ್ಕಿಗಳು ಮುಂದೆ ಮುಂದೆ ಹಾರುತ್ತವೆ. ಬಿಸಿಲಿಗೆ ಬಿಳಿ ಹೂ ಫೋಟೊದಲ್ಲಿ ಬೆಳ್ಳಗೆ ಸುಟ್ಟುಹೋಗದಂತೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಕ್ಕೆ ಬಿಡುವ ಬೆಳಕು) ತುಸು ಇಳಿಸಿಕೊಳ್ಳಿ.

ಬಿಳಿರೆಕ್ಕೆಯ ಬೆಳವ ಹೂವಿನೊಳಗೆ ತಲೆ ತೂರಿಸಿ ಮಕರಂದ ಹೀರುತ್ತದೆ. ಕ್ಲಿಕ್ಕಿಸಬೇಕಾದ್ದು ತಲೆ ಹೊರಗೆಳೆದಾಗ, ಹಣೆಯೆಲ್ಲ ಹಳದಿ ಪರಾಗ ಮೆತ್ತಿರುತ್ತದೆ. ಹಠ ಹಿಡಿದ ಎಂಜಿನ್ ಸ್ಟಾರ್ಟ್ ಮಾಡಿದಂಥ ಸದ್ದು ಕೇಳಿದರೆ ಅದು ಕ್ಯಾಕ್ಟಸ್ ರೆನ್, 1931ರಿಂದ ಅರಿಜೋನಾದ ರಾಜ್ಯಪಕ್ಷಿ. ಚೊಲ್ಲಾ ಕಳ್ಳಿಯ ಮುಳ್ಳಿನ ನಡುವೆ ಹುಲ್ಲಿನ ಗೂಡು ಕಟ್ಟುತ್ತದೆ.

ಚೊಲ್ಲಾ ಎಂದಾಗ ನೆನಪಾಯಿತು: ಜೇಬಿನಲ್ಲೊಂದು ಬಾಚಣಿಗೆ ಇರಲಿ. ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆ ಹಾಕಿದವರ ಕಾಲಿಗೆ ಅದರ ತುಂಡು ಅಂಟಿಕೊಳ್ಳುತ್ತದೆ. ಬೆರಳಿನಿಂದ ಕೀಳಲು ಹೋದರೆ ಬೆರಳಿಗೂ ಚುಚ್ಚುತ್ತದೆ. ಬಾಚಣಿಗೆ ತೂರಿಸಿ ದೂರಕ್ಕೆ ಚಿಮ್ಮಿಸಿ.

ಬಿಸಿಲೇರುವ ಮೊದಲೇ ಮರಳಿ. ಬರುವಾಗ ಕಾಂಡದಲ್ಲಿರುವ ಪೊಟರೆಗಳನ್ನು ಗುರುತಿಟ್ಟುಕೊಳ್ಳಿ. ಅವನ್ನು ಕೊರೆದದ್ದು ಗಿಲಾ ಮರಕುಟಿಕ. ಕೊರೆದ ಕೂಡಲೇ ಅದು ಸಂಸಾರ ಹೂಡುವುದಿಲ್ಲ. ಕಳ್ಳಿ ತನ್ನ ಗಾಯಕ್ಕೆ ಒಳಗಿಂದ ಗಟ್ಟಿ ಪದರ ಕಟ್ಟಿಕೊಂಡು ಒಣಗಲು ತಿಂಗಳುಗಳೇ ಬೇಕು. ಮರಕುಟಿಕ ಬಿಟ್ಟುಹೋದ ಮೇಲೆ ಅಲ್ಲಿಗೆ ಎಲ್ಫ್ ಗೂಬೆ ಬರುತ್ತದೆ. ಸುಮಾರು 40 ಗ್ರಾಂ ತೂಗುವ ಪುಟಾಣಿ. ಮುಸ್ಸಂಜೆ ಅದೇ ಪೊಟರೆಯ ಎದುರು, ಫ್ಲ್ಯಾಷ್ ಆಫ್ ಮಾಡಿ, ಸದ್ದಿಲ್ಲದೆ ಕಾದು ನೋಡಿ. ಅದೃಷ್ಟವಿದ್ದರೆ ಎರಡು ಹಳದಿ ಕಣ್ಣು ಹೊರಗೆ ಇಣುಕುತ್ತವೆ.