ಮರಾಕೆಶ್‌ನ ಜಮಾ ಎಲ್-ಫ್ನಾ ಚೌಕ: ಯಾವಾಗ ಹೋಗಬೇಕು, ಹೇಗೆ ಸುತ್ತಬೇಕು, ಎಲ್ಲಿ ದುಡ್ಡು ಬಿಚ್ಚಬೇಕು

ಮೊರಾಕ್ಕೊಗೆ ಹೋದವರು ಮರಾಕೆಶ್ ನೋಡದೆ ಬರುವುದಿಲ್ಲ, ಮರಾಕೆಶ್‌ಗೆ ಹೋದವರು ಜಮಾ ಎಲ್-ಫ್ನಾ ಚೌಕ ನೋಡದೆ ಬರುವುದಿಲ್ಲ. ಆದರೆ ನೋಡಿ ಬಂದವರ ಮಾತು ಮಾತ್ರ ಒಂದೇ ಥರ ಇರುವುದಿಲ್ಲ. ಕೆಲವರು ಅದೊಂದು ಬೇರೆಯದೇ ಲೋಕ ಎನ್ನುತ್ತಾರೆ. ಇನ್ನು ಕೆಲವರು ಕಾಲಿಟ್ಟಲ್ಲೆಲ್ಲ ದುಡ್ಡು ಕೇಳುತ್ತಾರೆ, ಸಾಕಪ್ಪಾ ಸಾಕು ಎಂದು ಕೈಮುಗಿಯುತ್ತಾರೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎರಡು: ಹೋದ ಹೊತ್ತು ಮತ್ತು ಜೇಬಿನಲ್ಲಿದ್ದ ಚಿಲ್ಲರೆ. ಇವೆರಡನ್ನು ಸರಿಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮರಾಕೆಶ್ ಹುಟ್ಟಿದ್ದು 11ನೇ ಶತಮಾನದಲ್ಲಿ, ಅಲ್ಮೊರಾವಿದ್ ದೊರೆಗಳ ಕಾಲದಲ್ಲಿ. ಕೋಟೆಗೋಡೆಯ ಒಳಗಿರುವ ಹಳೇ ಊರಿಗೆ ಮದೀನಾ ಎನ್ನುತ್ತಾರೆ. 1985ರಲ್ಲಿ ಅದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಚೌಕದ ಕಥೆಯೇ ಬೇರೆ. ಅದರ ಸುತ್ತ ಎತ್ತರದ ಕಟ್ಟಡ, ನೆಲದಡಿಯಲ್ಲಿ ಪಾರ್ಕಿಂಗ್ ಎಂಬ ಮಾತು ಎದ್ದಾಗ, ಮರಾಕೆಶ್‌ನಲ್ಲೇ ನೆಲೆಸಿದ್ದ ಸ್ಪೇನ್‌ನ ಲೇಖಕ ಹುವಾನ್ ಗೊಯ್ತಿಸೊಲೊ ದನಿ ಎತ್ತಿದರು. ಇಲ್ಲಿ ಉಳಿಸಬೇಕಾದ್ದು ಕಲ್ಲು ಗಾರೆಯಲ್ಲ, ಕಥೆ ಹೇಳುವ, ಹಾಡುವ, ಕುಣಿಯುವ ಜನರ ವಿದ್ಯೆ ಎಂಬುದು ಅವರ ವಾದ. 2001ರಲ್ಲಿ ಯುನೆಸ್ಕೊ ಮೌಖಿಕ ಪರಂಪರೆಯ ಶ್ರೇಷ್ಠ ಮಾದರಿಗಳೆಂದು ಮೊದಲ ಬಾರಿಗೆ 19 ಕಲೆಗಳನ್ನು ಆರಿಸಿದಾಗ ಅದರಲ್ಲಿ ಈ ಚೌಕವೂ ಇತ್ತು, ನಮ್ಮ ಪಕ್ಕದ ಕೇರಳದ ಕೂಡಿಯಾಟ್ಟಂ ಕೂಡ ಇತ್ತು. ಚೌಕವನ್ನು ನೋಡಲು ಹೊರಡುವವರು ಇದನ್ನು ತಿಳಿದಿರುವುದು ಒಳ್ಳೆಯದು. ಅಲ್ಲಿ ನೋಡುವಂಥ ಕಟ್ಟಡ ಯಾವುದೂ ಇಲ್ಲ. ಇರುವುದೆಲ್ಲ ಮನುಷ್ಯರು.

ಹೊರಡುವ ಮುಂಚೆ

ಭಾರತೀಯರಿಗೆ ವೀಸಾ ಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮುಂಚೆಯೇ ಮೊರಾಕ್ಕೊ ಸರ್ಕಾರದ ಅಧಿಕೃತ ಜಾಲತಾಣ ನೋಡಿಕೊಳ್ಳಿ. ಬೆಂಗಳೂರಿನಿಂದ ಹೊರಡುವವರು ಸಾಮಾನ್ಯವಾಗಿ ದೋಹಾ, ದುಬೈ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸಿ ಕಾಸಾಬ್ಲಾಂಕಾ ಸೇರುತ್ತಾರೆ. ಅಲ್ಲಿಂದ ಮರಾಕೆಶ್‌ಗೆ ರೈಲಿನಲ್ಲಿ ಮೂರು ಗಂಟೆಯೊಳಗಿನ ದಾರಿ.

ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ನವೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವುದುಂಟು, ಮಧ್ಯಾಹ್ನ ಚೌಕದ ನೆಲ ಕೆಂಡವಾಗಿರುತ್ತದೆ. ರಂಜಾನ್ ತಿಂಗಳಲ್ಲಿ ಹೋಗಬಾರದು ಎಂದೇನಿಲ್ಲ, ಆದರೆ ಹಗಲು ಚೌಕ ಮಂಕಾಗಿರುತ್ತದೆ, ಊಟದ ಅಂಗಡಿಗಳಿಗೆ ಕಳೆ ಬರುವುದು ಸೂರ್ಯ ಮುಳುಗಿದ ಮೇಲೆಯೇ.

ಮೊರಾಕ್ಕೊದ ದಿರ್ಹಾಮ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಯೂರೊ ಅಥವಾ ಡಾಲರ್ ಒಯ್ದು ಅಲ್ಲೇ ಬದಲಿಸಿಕೊಳ್ಳಬೇಕು, ಇಲ್ಲವೇ ಎಟಿಎಂನಲ್ಲಿ ತೆಗೆಯಬೇಕು. ಬದಲಿಸಿಕೊಂಡ ಚೀಟಿಯನ್ನು ಎಸೆಯಬೇಡಿ, ಉಳಿದ ದಿರ್ಹಾಮನ್ನು ವಾಪಸ್ ಮಾಡಲು ಅದು ಬೇಕಾಗಬಹುದು. ಲೆಕ್ಕಕ್ಕೆ ಸುಲಭವಾಗಲಿ ಎಂದು ಒಂದು ದಿರ್ಹಾಮ್ ಹತ್ತು ರೂಪಾಯಿಯ ಆಸುಪಾಸು ಎಂದಿಟ್ಟುಕೊಳ್ಳಿ.

ಮೊದಲ ಕೆಲಸ: ನೋಟು ಮುರಿಸಿ

ಎಟಿಎಂ ಕೊಡುವುದು 100, 200ರ ನೋಟು. ಚೌಕದಲ್ಲಿ ನಡೆಯುವುದು 1, 2, 5, 10ರ ನಾಣ್ಯ ಮತ್ತು 20ರ ನೋಟು. ಟ್ಯಾಕ್ಸಿಯವರಿಗೂ ಜ್ಯೂಸಿನವರಿಗೂ 200 ಚಾಚಿದರೆ ‘ಚಿಲ್ಲರೆ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ, ಉಳಿದ ದುಡ್ಡು ಕೈಗೆ ಬಾರದೆಯೂ ಹೋಗಬಹುದು. ಅದಕ್ಕೇ ಮೊದಲು ಒಂದು ದೊಡ್ಡ ಅಂಗಡಿಗೋ ಕೆಫೆಗೋ ಹೋಗಿ, ನೀರಿನ ಬಾಟಲಿಯನ್ನೋ ಚಹಾವನ್ನೋ ಕೊಂಡು ನೋಟು ಮುರಿಸಿಕೊಳ್ಳಿ. ನಾಣ್ಯಗಳು ಒಂದು ಜೇಬಿನಲ್ಲಿರಲಿ, ನೋಟುಗಳು ಬೇರೆಡೆ ಒಳಗಿರಲಿ. ನಾಲ್ಕು ಜನರ ನಡುವೆ ಪರ್ಸ್ ಬಿಚ್ಚಿ ಹುಡುಕುವ ಪರಿಸ್ಥಿತಿಯೇ ಬರಬಾರದು.

ನಗರದೊಳಗೆ ಓಡಾಡಲು ಸಣ್ಣ ಟ್ಯಾಕ್ಸಿಗಳಿವೆ. ಮರಾಕೆಶ್‌ನಲ್ಲಿ ಅವುಗಳ ಬಣ್ಣ ತೆಳು ಕಂದು. ಹತ್ತುವ ಮುಂಚೆ ‘ಕೊಂತರ್’ ಎಂದು ಮೀಟರ್ ತೋರಿಸಿ ಕೇಳಿ. ಹಾಕಲು ಒಪ್ಪದಿದ್ದರೆ ಬಾಡಿಗೆ ಎಷ್ಟೆಂದು ಮಾತಾಡಿಕೊಂಡೇ ಬಾಗಿಲು ತೆಗೆಯಿರಿ. ವಿಮಾನ ನಿಲ್ದಾಣದಿಂದ ಚೌಕದ ಹತ್ತಿರಕ್ಕೆ 19ನೇ ನಂಬರಿನ ಬಸ್ ಕೂಡ ಇದೆ. ಮದೀನಾದ ಓಣಿಗಳೊಳಗೆ ಕಾರು ಹೋಗುವುದಿಲ್ಲ. ನೀವು ರಿಯಾದ್‌ನಲ್ಲಿ, ಅಂದರೆ ನಡುವೆ ಅಂಗಳವಿರುವ ಹಳೇ ಮನೆಯಲ್ಲಿ ಇಳಿದುಕೊಳ್ಳುವುದಾದರೆ, ಯಾವ ಬಾಗಿಲಿನ ಬಳಿ ಇಳಿಯಬೇಕು, ಯಾರು ಬಂದು ಕರೆದೊಯ್ಯುತ್ತಾರೆ ಎಂದು ಮೊದಲೇ ವಿಚಾರಿಸಿಡಿ.

ಬೆಳಗ್ಗೆ ಸೂಕ್, ಸಂಜೆ ಚೌಕ

ಬಹಳಷ್ಟು ಪ್ರವಾಸಿಗರು ತಪ್ಪುವುದೇ ಇಲ್ಲಿ. ನಡು ಮಧ್ಯಾಹ್ನ ಚೌಕಕ್ಕೆ ಬಂದು, ಬಿಸಿಲಲ್ಲಿ ಹಾವಾಡಿಗರನ್ನೂ ಜ್ಯೂಸಿನ ಗಾಡಿಗಳನ್ನೂ ಮಾತ್ರ ನೋಡಿ, ಇಷ್ಟೇನಾ ಎಂದು ಹೊರಟುಬಿಡುತ್ತಾರೆ. ಬೆಳಗಿನ ಹೊತ್ತನ್ನು ಚೌಕದ ಉತ್ತರಕ್ಕೆ ಹಬ್ಬಿರುವ ಸೂಕ್‌ಗಳಿಗೆ, ಅಂದರೆ ಪೇಟೆಬೀದಿಗಳಿಗೆ ಇಟ್ಟುಕೊಳ್ಳಿ. ಮುಖ್ಯ ಬೀದಿ ಸೂಕ್ ಸೆಮ್ಮಾರೀನ್. ಅದರ ಪಕ್ಕದ ರಹ್ಬಾ ಕದೀಮಾ ಎಂಬ ಸಣ್ಣ ಬಯಲಿನಲ್ಲಿ ಮಸಾಲೆ, ಬುಟ್ಟಿ, ಉಣ್ಣೆ ಟೋಪಿಗಳ ವ್ಯಾಪಾರ. ಇನ್ನೂ ಒಳಗೆ ಹೋದರೆ ಕಮ್ಮಾರರ ಸುತ್ತಿಗೆ ಸದ್ದು, ಬಣ್ಣಗಾರರು ನೂಲಿನ ಲಡಿಗಳನ್ನು ನಡೆಯುವವರ ತಲೆಗಿಂತ ಎತ್ತರದಲ್ಲಿ ಒಣಹಾಕಿದ ಓಣಿ. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆಗೆಂದು ಹಲವು ಅಂಗಡಿಗಳು ಮುಚ್ಚುತ್ತವೆ.

ಓಣಿಗಳಲ್ಲಿ ಹಿಂದಿನಿಂದ ‘ಬಾಲಕ್!’ ಎಂದು ಕೂಗು ಬಂದರೆ ತಿರುಗಿ ನೋಡುತ್ತ ನಿಲ್ಲಬೇಡಿ, ಗೋಡೆಗೆ ಸರಿಯಿರಿ. ಕೈಗಾಡಿಯೋ ಕತ್ತೆಯೋ ಸ್ಕೂಟರೋ ಮೈಮೇಲೆ ಬರುತ್ತಿರುತ್ತದೆ.

‘ಈ ದಾರಿ ಮುಚ್ಚಿದೆ, ಈ ಕಡೆ ಬನ್ನಿ’, ‘ಇವತ್ತು ಮಾತ್ರ ಬರ್ಬರ್ ಬುಡಕಟ್ಟಿನ ಜನರ ಸಂತೆ ಇದೆ’ ಎಂದು ಹೇಳಿಕೊಂಡು ಹುಡುಗರು ಜೊತೆಗೆ ನಡೆಯತೊಡಗುತ್ತಾರೆ. ಅವರ ದಾರಿ ಮುಗಿಯುವುದು ಯಾವುದೋ ಚರ್ಮದ ಅಂಗಡಿಯಲ್ಲಿ, ಕೊನೆಗೆ ದಾರಿ ತೋರಿಸಿದ ಕೂಲಿಯನ್ನೂ ಕೇಳುತ್ತಾರೆ. ‘ಲಾ, ಶುಕ್ರನ್’, ಅಂದರೆ ‘ಬೇಡ, ಧನ್ಯವಾದ’ ಎಂದು ನಗುತ್ತಲೇ ಹೇಳಿ, ನಡಿಗೆ ನಿಲ್ಲಿಸಬೇಡಿ. ಸಿಟ್ಟು ಮಾಡಿಕೊಳ್ಳುವ ಅಗತ್ಯವಿಲ್ಲ. ಗೈಡ್ ಬೇಕೇ ಬೇಕು ಎನ್ನುವವರು ಸರ್ಕಾರದ ಬ್ಯಾಡ್ಜ್ ಇರುವವರನ್ನೇ ರಿಯಾದ್ ಮೂಲಕ ಗೊತ್ತುಮಾಡಿಕೊಳ್ಳಲಿ.

ಭಾರತದವರು ಎಂದು ಗೊತ್ತಾದ ಕೂಡಲೇ ‘ಶಾರುಖ್ ಖಾನ್!’, ‘ಅಮಿತಾಭ್!’ ಎಂಬ ಕೂಗು ಕೇಳಿಸುತ್ತದೆ. ಇದು ಬರೀ ವ್ಯಾಪಾರದ ಜಾಣತನವಲ್ಲ. ಹಿಂದಿ ಸಿನಿಮಾ ನೋಡುತ್ತ ಬೆಳೆದ ತಲೆಮಾರುಗಳೇ ಅಲ್ಲಿವೆ, ಮರಾಕೆಶ್ ಚಿತ್ರೋತ್ಸವ ಈ ಇಬ್ಬರನ್ನೂ ಕರೆಸಿ ಗೌರವಿಸಿದೆ. ನಿಂತು ಎರಡು ಮಾತಾಡಿ, ಹಾಡಿನ ಒಂದು ಸಾಲು ಗುನುಗಿ, ಅವರ ಮುಖ ಅರಳುತ್ತದೆ. ಹಾಗೆಂದು ಏನಾದರೂ ಕೊಳ್ಳಲೇಬೇಕು ಎಂಬ ದಾಕ್ಷಿಣ್ಯ ಬೇಡ.

ಚೌಕಾಸಿ

ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೂ ಅಲ್ಲಿನ ರೀತಿ ಸ್ವಲ್ಪ ಬೇರೆ. ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ಮೂರು ನಾಲ್ಕು ಕಡೆ ‘ಬ್ಶ್‌ಹಾಲ್?’ ಎಂದು ಬೆಲೆ ಕೇಳಿ ಮುಂದೆ ನಡೆಯಿರಿ. ನಿಮ್ಮ ಪಾಲಿಗೆ ಆ ವಸ್ತು ಎಷ್ಟಕ್ಕೆ ಯೋಗ್ಯ ಎಂದು ಮನಸ್ಸಿನಲ್ಲೇ ನಿರ್ಧರಿಸಿ. ಒಂದು ಜೊತೆ ಬಾಬೂಶ್, ಅಂದರೆ ಹಿಮ್ಮಡಿ ಮಡಚಿದ ಚರ್ಮದ ಚಪ್ಪಲಿಗೆ 300 ಹೇಳಿದರು ಎಂದಿಟ್ಟುಕೊಳ್ಳಿ. ನೀವು 100ರಿಂದ ಶುರುಮಾಡಬಹುದು. ಅವರು ಎದೆಯ ಮೇಲೆ ಕೈಯಿಟ್ಟು ನಷ್ಟದ ಮಾತಾಡುತ್ತಾರೆ, ಚರ್ಮವನ್ನು ಮಡಚಿ ತೋರಿಸುತ್ತಾರೆ, ಹೊಲಿಗೆಯನ್ನು ಎಳೆದು ತೋರಿಸುತ್ತಾರೆ. ಆ ಹೊತ್ತಿನಲ್ಲಿ ನೀವೂ ಹೊಲಿಗೆ ನೋಡಿ: ಅಡಿಭಾಗವನ್ನು ದಾರದಿಂದ ಹೊಲಿದಿದ್ದಾರೋ, ಬರೀ ಅಂಟಿನಿಂದ ಕೂಡಿಸಿದ್ದಾರೋ? ಬೆಲೆಯನ್ನು ನಿಶ್ಚಯಿಸುವುದು ಅದು. ಪುದೀನ ಚಹಾ ತರಿಸಿಕೊಟ್ಟರೆ ಕುಡಿಯಿರಿ, ಅದು ಅವರ ಮರ್ಯಾದೆ. ಬೆಲೆ ಕುದುರದಿದ್ದರೆ ಕೈಕುಲುಕಿ ಎದ್ದುಬನ್ನಿ, ಹಲವು ಸಲ ಹಿಂದಿನಿಂದಲೇ ಕರೆಯುತ್ತಾರೆ. ಒಂದು ಮಾತು ಮಾತ್ರ ನೆನಪಿರಲಿ: ನೀವು ಹೇಳಿದ ಬೆಲೆಗೆ ಅವರು ಒಪ್ಪಿದ ಮೇಲೆ ಬೇಡ ಎನ್ನುವುದು ಅಲ್ಲಿ ಬಹಳ ಕೆಟ್ಟ ನಡತೆ.

ಕೇಸರಿ ಕೊಳ್ಳುವ ಆಸೆಯಿದ್ದರೆ ಎಸಳಾಗಿರುವುದನ್ನೇ ತೆಗೆದುಕೊಳ್ಳಿ, ಪುಡಿ ಬೇಡ. ತಾಲಿಯೂಇನ್ ಪ್ರದೇಶದ ಕೇಸರಿಗೆ ಹೆಸರಿದೆ, ಅಗ್ಗಕ್ಕಂತೂ ಅದು ಸಿಗುವುದಿಲ್ಲ.

ವೃತ್ತದೊಳಗೆ ನಿಲ್ಲುವುದು

ಬಿಸಿಲು ಇಳಿಯುವ ಹೊತ್ತಿಗೆ ಚೌಕಕ್ಕೆ ಬನ್ನಿ. ಪಶ್ಚಿಮಕ್ಕೆ ಕುತುಬಿಯಾ ಮಸೀದಿಯ ಮಿನಾರು ಕಾಣುತ್ತದೆ, 12ನೇ ಶತಮಾನದ್ದು, ಎತ್ತರ ಸುಮಾರು 77 ಮೀಟರ್. ಮುಸ್ಲಿಮೇತರರಿಗೆ ಒಳಗೆ ಪ್ರವೇಶವಿಲ್ಲ, ಹೊರಗಿನ ತೋಟದಲ್ಲಿ ಕೂರಬಹುದು. ದಿಕ್ಕು ತಪ್ಪಿದಾಗ ಅದನ್ನೇ ಗುರುತಾಗಿ ಇಟ್ಟುಕೊಳ್ಳಿ.

ಈಗ ಚೌಕದಲ್ಲಿ ಅಲ್ಲಲ್ಲಿ ಜನ ದುಂಡಗೆ ನಿಂತಿರುತ್ತಾರೆ. ಈ ವೃತ್ತಕ್ಕೆ ಹಲ್ಕಾ ಎನ್ನುತ್ತಾರೆ. ನಮ್ಮ ಸಂತೆಯಲ್ಲಿ ದೊಂಬರಾಟದ ಸುತ್ತ ಜನ ಕೂಡುತ್ತಿದ್ದರಲ್ಲ, ಹಾಗೆ. ಒಂದರಲ್ಲಿ ಹಾಸ್ಯಗಾರ, ಇನ್ನೊಂದರಲ್ಲಿ ಲಾಗ ಹಾಕುವ ಹುಡುಗರು, ಮತ್ತೊಂದರಲ್ಲಿ ಗ್ನಾವಾ ವಾದಕರು. ಆಫ್ರಿಕಾದ ಸಹಾರಾ ಆಚೆಯಿಂದ ಗುಲಾಮರಾಗಿ ಬಂದವರ ಸಂತತಿ ಕಟ್ಟಿ ಬೆಳೆಸಿದ ಸಂಗೀತ ಅದು. ಮೂರು ತಂತಿಯ ಗಿಂಬ್ರಿ ಕೆಳದನಿಯಲ್ಲಿ ಒಂದೇ ಗತಿ ಹಿಡಿದು ನುಡಿಯುತ್ತದೆ, ಕಬ್ಬಿಣದ ಕ್ರಕೇಬ್ ತಾಳಗಳು ಅದರ ಮೇಲೆ ಬಡಿಯುತ್ತವೆ. ಕವಡೆ ಹೊಲಿದ ಟೋಪಿಯ ತುದಿಯಲ್ಲಿ ಉದ್ದ ಕುಚ್ಚು, ಕುತ್ತಿಗೆ ತಿರುಗಿಸುತ್ತಿದ್ದಂತೆ ಕುಚ್ಚು ತಲೆಯ ಸುತ್ತ ಗಿರಗಿರನೆ ಸುತ್ತುತ್ತದೆ. ಆ ಕಬ್ಬಿಣದ ಸದ್ದಿನಲ್ಲಿ ಗುಲಾಮರ ಸಂಕೋಲೆಯ ನೆನಪಿದೆ ಎಂದು ಹೇಳುವವರಿದ್ದಾರೆ. ಎರಡು ನಿಮಿಷ ಕೇಳಿದರೆ ಒಂದೇ ಥರ ಅನಿಸುತ್ತದೆ, ಕಾಲು ಗಂಟೆ ನಿಂತರೆ ಒಳಗೆ ಎಳೆದುಕೊಳ್ಳುತ್ತದೆ.

ಇಲ್ಲಿ ಚಿಲ್ಲರೆ ಬೇಕು. ಟಿಕೆಟ್ ಇಲ್ಲದ ರಂಗಭೂಮಿ ಇದು, ಕಲಾವಿದರ ಅಡುಗೆಮನೆ ನಡೆಯುವುದು ವೃತ್ತದೊಳಗೆ ಬೀಳುವ ನಾಣ್ಯದಿಂದ. ಟೋಪಿ ಹಿಡಿದು ಬಂದಾಗ 5 ಅಥವಾ 10 ದಿರ್ಹಾಮ್ ಹಾಕಿ. ಫೋಟೊ ಬೇಕಿದ್ದರೆ ಮೊದಲು ಕೇಳಿ, ಕೊಟ್ಟು ತೆಗೆಯಿರಿ. ದೂರದಿಂದ ಜೂಮ್ ಮಾಡಿ ಕದ್ದು ತೆಗೆದು, ಅವರು ಓಡಿ ಬಂದಾಗ ಜಗಳ ಕಾಯುವವರನ್ನು ಅಲ್ಲಿ ದಿನವೂ ಕಾಣಬಹುದು. ನನ್ನ ಪ್ರಕಾರ ಅಲ್ಲಿ ತಪ್ಪು ಪ್ರವಾಸಿಗರದ್ದೇ. ಕೆಂಪು ಉಡುಪು, ಅಗಲ ಟೋಪಿ, ಹಿತ್ತಾಳೆ ಬಟ್ಟಲುಗಳ ನೀರು ಮಾರುವವರೂ ಈಗ ಬದುಕುತ್ತಿರುವುದು ಬಹುಪಾಲು ಫೋಟೊದ ದುಡ್ಡಿನಿಂದಲೇ.

ಕಥೆ ಹೇಳುವವರು ಚೌಕದಲ್ಲಿ ತೀರಾ ವಿರಳವಾಗಿದ್ದಾರೆ. ಕಂಡರೆ ದಯವಿಟ್ಟು ನಿಲ್ಲಿ. ದಾರಿಜಾ, ಅಂದರೆ ಮೊರಾಕ್ಕೊದ ಆಡುಮಾತು ಅರ್ಥವಾಗದಿದ್ದರೂ ಪರವಾಗಿಲ್ಲ. ಯಾವಾಗ ದನಿ ತಗ್ಗಿಸುತ್ತಾರೆ, ಎಲ್ಲಿ ಕಥೆ ನಿಲ್ಲಿಸಿ ದುಡ್ಡು ಕೇಳುತ್ತಾರೆ ಎಂದು ನೋಡುವುದೇ ಒಂದು ಪಾಠ. ಈ ವಿದ್ಯೆಯನ್ನು ಹೊಸಬರಿಗೆ ಕಲಿಸುವ ಪ್ರಯತ್ನವೂ ನಡೆದಿದೆ. ನಗರದ ಕೆಫೆ ಕ್ಲಾಕ್‌ನಲ್ಲಿ ಹಿರಿಯ ಕಥೆಗಾರರ ಬಳಿ ಕಲಿತ ಯುವಕ ಯುವತಿಯರು ಇಂಗ್ಲಿಷಿನಲ್ಲೂ ಕಥೆ ಹೇಳಿದ್ದಾರೆ.

ದುಡ್ಡು ಕೊಡಬಾರದ ಕಡೆ

ಸರಪಳಿ ಹಾಕಿದ ಮಂಗವನ್ನು ಭುಜದ ಮೇಲೆ ಕೂರಿಸಲು ಬರುತ್ತಾರೆ. ಅವು ಅಟ್ಲಾಸ್ ಪರ್ವತದ ಕಾಡಿನ ಬಾರ್ಬರಿ ಮಕಾಕ್‌ಗಳು, ಅಳಿವಿನಂಚಿನ ಪ್ರಾಣಿ. ಮರಿಯಾಗಿದ್ದಾಗಲೇ ಹಿಡಿದು ತರುವುದರಿಂದ ಕಾಡಿನಲ್ಲಿ ಅವುಗಳ ಸಂಖ್ಯೆ ಕುಸಿಯುತ್ತಿದೆ. ಹಾವುಗಳ ಪಾಡೂ ಕೆಟ್ಟದ್ದೇ. ಹಾವಾಡಿಸುವುದನ್ನು ನಾವು 1972ರ ವನ್ಯಜೀವಿ ಕಾಯ್ದೆಯಡಿ ನಿಲ್ಲಿಸಿದವರು, ಅಲ್ಲಿ ಹೋಗಿ ಅದಕ್ಕೆ ದುಡ್ಡು ಕೊಡುವುದು ಸರಿಯಲ್ಲ. ಕಣ್ಣು ಹಾಯಿಸದೆ ದೂರದಿಂದಲೇ ಹಾದುಹೋಗಿ, ಹತ್ತಿರ ಹೋದರೆ ಹಾವು ಕೊರಳಿಗೆ ಬಿದ್ದಿರುತ್ತದೆ.

ಹೆಣ್ಣುಮಕ್ಕಳು ಮದರಂಗಿಯವರ ಬಗ್ಗೆ ಎಚ್ಚರ ವಹಿಸಬೇಕು. ಕೇಳುವ ಮೊದಲೇ ಕೈ ಹಿಡಿದು ಗೆರೆ ಎಳೆದುಬಿಡುತ್ತಾರೆ, ಆಮೇಲೆ ಬೆಲೆ ಹೇಳುತ್ತಾರೆ. ಕಪ್ಪು ಮದರಂಗಿಯಂತೂ ಬೇಡವೇ ಬೇಡ. ಅದರಲ್ಲಿ ತಲೆಗೂದಲಿನ ಬಣ್ಣದ ರಾಸಾಯನಿಕ ಬೆರೆಸುತ್ತಾರೆ, ಚರ್ಮ ಸುಟ್ಟು ಬೊಬ್ಬೆ ಏಳುವುದುಂಟು.

ಊಟ

ಕತ್ತಲಾಗುತ್ತಿದ್ದಂತೆ ಚೌಕದ ನಡುವೆ ನಂಬರ್ ಹಾಕಿದ ಊಟದ ಅಂಗಡಿಗಳು ಏಳುತ್ತವೆ, ಹೊಗೆ ಮೇಲೇರುತ್ತದೆ, ಕರೆಯುವವರು ದಾರಿಗೆ ಅಡ್ಡ ನಿಲ್ಲುತ್ತಾರೆ. ಮೊದಲು ಒಂದು ಸುತ್ತು ಸುಮ್ಮನೆ ಹಾಕಿ. ಸ್ಥಳೀಯ ಸಂಸಾರಗಳು ಕೂತಿರುವ ಬೆಂಚು ಹುಡುಕಿ ಅಲ್ಲಿ ಕೂರಿ. ಬೆಲೆ ಬರೆದ ಪಟ್ಟಿ ಕೇಳಿ, ಕೇಳದೆ ತಂದಿಟ್ಟ ಆಲಿವ್, ಬ್ರೆಡ್ಡಿಗೂ ದುಡ್ಡು ಹಿಡಿಯುತ್ತಾರೋ ಎಂದು ಮೊದಲೇ ವಿಚಾರಿಸಿ.

ಮಾಂಸಾಹಾರಿಗಳು ತಂಜಿಯಾ ಬಿಡಬಾರದು. ಇದು ಮರಾಕೆಶ್‌ನದೇ ಅಡುಗೆ. ಮಾಂಸ, ಉಪ್ಪು ಹಾಕಿ ಇಟ್ಟ ನಿಂಬೆ, ಬೆಳ್ಳುಳ್ಳಿ, ಜೀರಿಗೆಯನ್ನು ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಕಾಗದ ಕಟ್ಟಿ, ಹಮ್ಮಾಮಿನ, ಅಂದರೆ ಸಾರ್ವಜನಿಕ ಸ್ನಾನಗೃಹದ ನೀರು ಕಾಯಿಸುವ ಒಲೆಯ ಬೂದಿಯಲ್ಲಿ ಗಂಟೆಗಟ್ಟಲೆ ಹೂತಿಡುತ್ತಾರೆ. ಬಸವನಹುಳುವಿನ ಸಾರಿನ ಗಾಡಿಗಳ ಮುಂದೆ ಊರಿನವರೇ ಹೆಚ್ಚು.

ಸಸ್ಯಾಹಾರಿಗಳು ‘ಬ್ಲಾ ಲ್ಹಮ್’, ಮಾಂಸ ಇಲ್ಲದೆ, ಎಂದು ಹೇಳಲು ಕಲಿತುಕೊಳ್ಳಿ. ಹಾಗೆಂದರೂ ಗೋಧಿರವೆಯ ತರಕಾರಿ ಕೂಸ್‌ಕೂಸ್, ಹರೀರಾ ಸಾರು ಮಾಂಸದ ನೀರಿನಲ್ಲೇ ಬೆಂದಿರುವುದು ಸಾಮಾನ್ಯ, ಆದ್ದರಿಂದ ಕೇಳಿಯೇ ತಿನ್ನಿ. ಸುಟ್ಟ ಬದನೆ, ಟೊಮೆಟೊದ ಝಾಲೂಕ್, ಎಣ್ಣೆಗಾಯಿ ತಿಂದು ಬೆಳೆದ ನಮ್ಮವರಿಗೆ ಹಿಡಿಸುತ್ತದೆ. ಬೆಳಗಿನ ಹೊತ್ತು ಒಣ ಅವರೆಕಾಳಿನ ಜಾತಿಯ ಕಾಳು ಬೇಯಿಸಿ ಅರೆದ ಬಿಸ್ಸಾರಾ ಸಿಗುತ್ತದೆ, ಮೇಲೆ ಆಲಿವ್ ಎಣ್ಣೆ, ಜೀರಿಗೆಪುಡಿ. ಪದರ ಪದರವಾಗಿ ಮಡಚಿ ಬೇಯಿಸಿದ ಮ್ಸೆಮೆನ್ ರೊಟ್ಟಿಗೆ ಜೇನು ಹಚ್ಚಿಸಿಕೊಳ್ಳಿ. ಕಿತ್ತಳೆ ರಸವನ್ನು ಕಣ್ಣೆದುರೇ ಹಿಂಡಿಸಿ, ಮಂಜುಗಡ್ಡೆ ಬೇಡವೆನ್ನಿ. ಗಾಜಿನ ಲೋಟ ತೊಳೆಯುವ ನೀರು ನೋಡಿದ ಮೇಲೆ ನೀವೇ ನಿಮ್ಮ ಬಾಟಲಿ ಮುಂದೆ ಚಾಚುತ್ತೀರಿ.

ಕೊನೆಗೆ ಖುದೆಂಜಾಲ್ ಗಾಡಿ. ರಾಸ್ನದ ಜಾತಿಯ ಬೇರು, ಶುಂಠಿ, ಚಕ್ಕೆ ಹಾಕಿ ದೊಡ್ಡ ತಾಮ್ರದ ಪಾತ್ರೆಯಲ್ಲಿ ಕುದಿಸಿದ ಖಾರದ ಕಷಾಯ ಅದು, ಜೊತೆಗೆ ಬಾದಾಮಿ, ಎಳ್ಳು, ಹುರಿದ ಹಿಟ್ಟಿನ ಸೆಲ್ಲೂ ಒಂದು ಚಮಚ. ಚಳಿಗಾಲದ ರಾತ್ರಿಗೆ ಇದಕ್ಕಿಂತ ಒಳ್ಳೆಯದು ಚೌಕದಲ್ಲಿ ಇನ್ನೊಂದಿಲ್ಲ.

ಇಡೀ ಚೌಕವನ್ನು ಮೇಲಿನಿಂದ ನೋಡಲು ಸುತ್ತಲಿನ ಕೆಫೆಗಳ ತಾರಸಿ ಹತ್ತಬಹುದು. ಏನಾದರೂ ಕುಡಿಯಲು ಕೊಂಡರೆ ಮಾತ್ರ ಬಿಡುತ್ತಾರೆ, ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ಹೋದರೆ ಅಂಚಿನ ಜಾಗ ಸಿಗುತ್ತದೆ.

ರಾತ್ರಿ ಹಿಂದಿರುಗುವಾಗ ಕೈಚೀಲ ಎದೆಗೆ ಆನಿಸಿಕೊಂಡು ನಡೆಯಿರಿ. ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ನಕ್ಷೆಯಲ್ಲಿ ರಿಯಾದ್‌ನ ಜಾಗವನ್ನು ಬೆಳಗ್ಗೆಯೇ ಗುರುತು ಮಾಡಿಟ್ಟಿರಿ. ದಾರಿ ತಪ್ಪಿದರೆ ಓಣಿಯಲ್ಲಿ ನಿಂತ ಹುಡುಗರನ್ನಲ್ಲ, ಅಂಗಡಿಯಲ್ಲಿ ಕೂತವರನ್ನು ಕೇಳಿ. ತೊಂದರೆಯಾದರೆ ಪ್ರವಾಸಿ ಪೊಲೀಸರ ಠಾಣೆ ಚೌಕದ ಬಳಿಯೇ ಇದೆ, ಪೊಲೀಸರ ತುರ್ತು ಸಂಖ್ಯೆ 19.