ರೋಡ್ ಬೈಕಿನ ಹಿಂದಿನ ಚಕ್ರ ಪಂಕ್ಚರ್ ಆದಾಗ

ನಂದಿ ಬೆಟ್ಟದ ದಾರಿಯಲ್ಲಿ ಭಾನುವಾರ ಬೆಳಗ್ಗೆ ಈ ದೃಶ್ಯ ಖಾಯಂ. ಒಂದು ಚೆಂದದ ಅಲ್ಯೂಮಿನಿಯಂ ರೋಡ್ ಬೈಕ್ ರಸ್ತೆಬದಿಯಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಪಕ್ಕದಲ್ಲಿ ಅದರ ಯಜಮಾನರು ಸ್ಕ್ರೂಡ್ರೈವರ್ ಹಿಡಿದು ಟೈರಿನ ಜೊತೆ ಕುಸ್ತಿ ಆಡುತ್ತಿರುತ್ತಾರೆ. ಹೋದ ತಿಂಗಳು ಕಾರಹಳ್ಳಿ ಕ್ರಾಸ್ ಹತ್ತಿರ ಒಬ್ಬ ಹುಡುಗ ಸಿಕ್ಕಿದ್ದ. "ಅಂಕಲ್, ಇದು ಮೂರನೇ ಟ್ಯೂಬು. ಹಾಕಿದ ತಕ್ಷಣ ಗಾಳಿ ಹೋಗ್ತಿದೆ" ಎಂದ. ಟ್ಯೂಬಿನದ್ದು ಏನೂ ತಪ್ಪಿರಲಿಲ್ಲ.

ಪಂಕ್ಚರ್ ಅಂಗಡಿ ಇದೆಯಲ್ಲ ಅಂತೀರಾ? ಅಷ್ಟು ಬೆಳಗ್ಗೆ ತೆಗೆದಿರಲ್ಲ. ತೆಗೆದಿದ್ದರೂ ಅಲ್ಲಿನ ಗಾಳಿ ಪೈಪು ಸ್ಕೂಟರಿಗೆ ಹೊಂದುವಂಥದ್ದು, ನಿಮ್ಮ ತೆಳ್ಳಗಿನ ಪ್ರೆಸ್ಟಾ ವಾಲ್ವಿನ ಮೇಲೆ ಕೂರುವುದೇ ಇಲ್ಲ. ಅದಕ್ಕೊಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಬ್ಯಾಗಲ್ಲಿ ಬಿದ್ದಿರಲಿ.

1. ಮನೆ ಬಿಡುವಾಗಲೇ ಜೊತೆಗಿರಬೇಕಾದ್ದು: ನಿಮ್ಮ ಟೈರಿನ ಅಳತೆಯ ಎರಡು ಟ್ಯೂಬು (ಟೈರಿನ ಬದಿಯಲ್ಲೇ 700x25 ಅಂತಲೋ 700x28 ಅಂತಲೋ ಬರೆದಿರುತ್ತದೆ), ಟೈರನ್ನು ರಿಮ್ಮಿನಿಂದ ಮೀಟಿ ತೆಗೆಯಲು ಎರಡು ಪ್ಲಾಸ್ಟಿಕ್ ಟೈರ್ ಲಿವರ್, ಕೈಪಂಪು, ಒಂದು ಹಳೇ ಹತ್ತಿ ಬಟ್ಟೆ. ಕಬ್ಬಿಣದ ಲಿವರ್ ಬೇಡವೇ ಬೇಡ. ಅಲ್ಯೂಮಿನಿಯಂ ರಿಮ್ ಮೆತ್ತಗಿನ ಲೋಹ. ಒಮ್ಮೆ ನನ್ನ ಚಕ್ರಕ್ಕೆ ಒಬ್ಬರು ಚಪ್ಪಟೆ ಕಬ್ಬಿಣ ಹಾಕಿ ಮೀಟಿದರು. ಆ ಗಾಯ ಈಗಲೂ ಇದೆ, ಬ್ರೇಕ್ ಹಿಡಿದಾಗಲೆಲ್ಲ ಟಕ್ ಟಕ್ ಅನ್ನುತ್ತದೆ.

2. ಗಾಳಿ ಹೋಯಿತು ಅನ್ನಿಸಿದ ಕೂಡಲೇ ಇಳಿಯಿರಿ. "ಇನ್ನೊಂದು ಅರ್ಧ ಕಿಲೋಮೀಟರ್" ಅಂತ ಓಡಿಸಿದರೆ ರಿಮ್ ನೇರವಾಗಿ ರಸ್ತೆಗೆ ಬಡಿಯುತ್ತದೆ.

3. ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಬ್ರೇಕ್ ಸಡಿಲಿಸಿ, ಚಕ್ರದ ನಡುವೆ ಅದನ್ನು ಬಿಗಿದಿಟ್ಟಿರುವ ಲಿವರ್ ತೆರೆದು ಚಕ್ರ ಇಳಿಸಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಅಪ್ಪಿತಪ್ಪಿಯೂ ಬ್ರೇಕ್ ಒತ್ತಬೇಡಿ, ಪ್ಯಾಡ್‌ಗಳು ಅಂಟಿಕೊಂಡುಬಿಡುತ್ತವೆ.

ಬೈಕನ್ನು ತಲೆಕೆಳಗೆ ಮಾಡುವುದು ನನಗೆ ಹಿಡಿಸುವುದಿಲ್ಲ. ಗೇರ್ ಲಿವರುಗಳು ಡಾಂಬರಿಗೆ ಉಜ್ಜಿ ಹಾಳಾಗುತ್ತವೆ. ಎಡಮಗ್ಗುಲಿಗೆ ಮಲಗಿಸಿ, ಸಾಕು. ಬಲಕ್ಕೆ ಮಲಗಿಸಿದರೆ ಹಿಂದಿನ ಗೇರು ನೇತಾಡುವ ಹ್ಯಾಂಗರ್ ಬಾಗುತ್ತದೆ. ಅಲ್ಯೂಮಿನಿಯಂ ಬೈಕಲ್ಲಿ ಅದು ಸಾಮಾನ್ಯವಾಗಿ ಬೇರೆಯೇ ಒಂದು ತುಂಡು. ಏಟು ಬಿದ್ದರೆ ಫ್ರೇಮಿನ ಬದಲು ತಾನು ಬಾಗಲಿ ಅಂತಲೇ ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಬೈಕಿಗೆ ಒಂದೊಂದು ನಮೂನೆ, ಹುಡುಕುವುದು ತಲೆನೋವು.

4. ವಾಲ್ವಿನ ಬುಡದಲ್ಲಿ ಚಿಕ್ಕ ನಟ್ಟು ಇದ್ದರೆ ಬಿಚ್ಚಿ. ಟೈರ್ ಲಿವರ್ ಹಾಕಿ ಟೈರಿನ ಒಂದು ಬದಿಯನ್ನಷ್ಟೇ ಹೊರತೆಗೆದು ಟ್ಯೂಬ್ ಎಳೆಯಿರಿ.

5. ಎಲ್ಲರೂ ಎಡವುವುದು ಇಲ್ಲಿ. ಹಳೇ ಟ್ಯೂಬ್ ಪಕ್ಕಕ್ಕೆಸೆದು ಹೊಸದನ್ನು ತುರುಕುತ್ತಾರೆ. ಸ್ವಲ್ಪ ತಡೆಯಿರಿ. ಹಳೇದಕ್ಕೆ ಗಾಳಿ ಹೊಡೆದು ತೂತು ಎಲ್ಲಿದೆ ನೋಡಿ. ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ ಇದ್ದರೆ ಗಾಳಿ ಕಮ್ಮಿ ಇಟ್ಟು ಗುಂಡಿಗೆ ಇಳಿಸಿದ್ದೀರಿ ಅಂತ ಅರ್ಥ. ತೂತು ಒಳಮುಖಕ್ಕಿದ್ದರೆ, ಅಂದರೆ ರಿಮ್ಮಿನ ಕಡೆಗಿದ್ದರೆ, ರಿಮ್ಮಿನೊಳಗೆ ಸುತ್ತಿರುವ ಟೇಪ್ ಸರಿದು ಕಡ್ಡಿಯ ತೂತು ಕಚ್ಚಿದೆ. ಹೊರಮುಖಕ್ಕಿದ್ದರೆ ಚುಚ್ಚಿದ ವಸ್ತು ಇನ್ನೂ ಟೈರಿನಲ್ಲೇ ಇರಬಹುದು.

ಜಾಲಿ ಮುಳ್ಳಾದರೆ ಕಣ್ಣಿಗೆ ಕಾಣುತ್ತದೆ. ಹೈವೇಯಲ್ಲಿ ಕಾಟ ಕೊಡುವುದು ಲಾರಿ ಟೈರ್ ಸಿಡಿದಾಗ ಚೆಲ್ಲುವ ತಂತಿ ಚೂರು. ಕೂದಲಷ್ಟು ಸಣ್ಣ. ಹೊರಗಿಂದ ಕಾಣುವುದೇ ಇಲ್ಲ, ಒಳಗೆ ಒಂದು ಮಿಲಿಮೀಟರ್ ಇಣುಕಿರುತ್ತದೆ ಅಷ್ಟೇ. ಬೆರಳಲ್ಲಿ ಸವರಿದರೆ ಬೆರಳು ಕುಯ್ಯುತ್ತದೆ. ಹತ್ತಿ ಬಟ್ಟೆಯನ್ನು ಟೈರಿನೊಳಗೆ ಸುತ್ತಲೂ ಎಳೆಯಿರಿ. ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ತಂತಿ. ಆ ಹುಡುಗನ ಟೈರಿನಲ್ಲಿ ಸಿಕ್ಕಿದ್ದೂ ಇದೇ. ಉಗುರು ಕತ್ತರಿಯಲ್ಲಿ ಕಿತ್ತೆವು.

6. ಅವನ ಎರಡನೇ ಟ್ಯೂಬು ಹೋಗಿದ್ದು ಮಾತ್ರ ಲಿವರಿನಿಂದ. ಟೈರನ್ನು ವಾಪಸ್ ಹಾಕುವಾಗ ಲಿವರ್ ಮುಟ್ಟಲೇಬೇಡಿ. ಲಿವರಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿದರೆ ಮುಗಿಯಿತು.

ಹೊಸ ಟ್ಯೂಬಿಗೆ ಬಾಯಲ್ಲೇ ಊದಿದಷ್ಟು ಗಾಳಿ ತುಂಬಿ, ದುಂಡಗಾದರೆ ಸಾಕು. ಮೊದಲು ವಾಲ್ವ್ ತೂರಿಸಿ, ಆಮೇಲೆ ಉಳಿದದ್ದನ್ನು ಟೈರಿನೊಳಗೆ ಮಡಿಕೆ ಬೀಳದಂತೆ ಕೂರಿಸಿ. ಈಗ ಟೈರಿನ ಅಂಚನ್ನು ವಾಲ್ವಿಗೆ ಎದುರಿನ ಬದಿಯಿಂದ ಒಳಗೆ ತಳ್ಳುತ್ತಾ ಎರಡೂ ಕೈಯಲ್ಲಿ ಮೇಲಕ್ಕೆ ಬನ್ನಿ, ವಾಲ್ವಿನ ಹತ್ತಿರ ಮುಗಿಸಿ. ಬಹಳ ಜನ ವಾಲ್ವಿನಿಂದ ಶುರು ಮಾಡಿ ಕೊನೆಗೆ ಗೋಳಾಡುವುದು. ರಿಮ್ಮಿನ ನಡುವೆ ಒಂದು ತಗ್ಗಿದೆ. ಅಂಚು ಆ ತಗ್ಗಿಗೆ ಇಳಿದರೆ ಟೈರು ಸಡಿಲವಾಗುತ್ತದೆ. ವಾಲ್ವಿನ ಬುಡ ದಪ್ಪ, ಅಲ್ಲಿ ಅಂಚು ತಗ್ಗಿಗೆ ಇಳಿಯುವುದಿಲ್ಲ. ಅದಕ್ಕೇ ಆ ಜಾಗ ಕೊನೆಗೆ.

ಕೊನೆಯ ಒಂದು ಗೇಣು ಬಿಗಿಯಾಗುತ್ತದೆ. ಆಗ ಎದುರು ಬದಿಗೆ ಹೋಗಿ, ಟೈರಿನ ಎರಡೂ ಅಂಚನ್ನು ಹಿಂಡಿ ತಗ್ಗಿಗೆ ಇಳಿಸಿ, ಸುತ್ತಲೂ ಅಂಗೈಯಲ್ಲಿ ನೀವುತ್ತಾ ಸಡಿಲನ್ನು ವಾಲ್ವಿನ ಕಡೆಗೆ ತನ್ನಿ. ಟ್ಯೂಬಿನ ಗಾಳಿ ಪೂರ್ತಿ ಬಿಡಿ. ಚಪಾತಿ ಹಿಟ್ಟು ಒತ್ತುವ ಹಾಗೆ ಅಂಗೈಯ ಬುಡದಿಂದ ಮುಂದಕ್ಕೆ ಉರುಳಿಸಿ. ಸುಮ್ನೆ ಹೆಬ್ಬೆರಳಿಂದ ಒತ್ತಿದರೆ ಹೆಬ್ಬೆರಳೇ ನೋಯುವುದು. ಪಳಕ್ ಅಂತ ಕೂರುತ್ತದೆ. ಕೂತ ಮೇಲೆ ವಾಲ್ವನ್ನು ಒಮ್ಮೆ ಒಳಗೆ ದೂಡಿ ಬಿಡಿ. ಎರಡೂ ಬದಿ ಅಂಚನ್ನು ಬೆರಳಲ್ಲಿ ಸ್ವಲ್ಪ ಸರಿಸಿ, ಟ್ಯೂಬ್ ಎಲ್ಲಾದರೂ ಇಣುಕುತ್ತಿದೆಯಾ ಅಂತ ಪೂರ್ತಿ ಸುತ್ತು ನೋಡಿ.

7. ಗಾಳಿ: 25 ಮಿ.ಮೀ. ಟೈರಿಗೆ, ನೀವು 65–70 ಕೆಜಿ ಇದ್ದರೆ, ಹಿಂದಿನ ಚಕ್ರಕ್ಕೆ 85 ಪಿಎಸ್‌ಐ. ಟೈರಿನ ಮೇಲೆ ಬರೆದ ದೊಡ್ಡ ಅಂಕಿ ಗರಿಷ್ಠದ್ದು, ಅಲ್ಲಿಗೆ ಮುಟ್ಟಿಸಬೇಕಂತೇನಿಲ್ಲ. ಪಂಪ್ ಮಾಡುವಾಗ ಇನ್ನೊಂದು ಕೈಯಲ್ಲಿ ವಾಲ್ವನ್ನು ಆನಿಸಿ ಹಿಡಿಯಿರಿ, ಅಲ್ಲಾಡಿದರೆ ಒಳಗಿನ ಕಡ್ಡಿ ಬಾಗುತ್ತದೆ. ಬೆರಳುದ್ದದ ಪಂಪಿಗೆ 160 ಪಿಎಸ್‌ಐ ಅಂತ ಬರೆದು ಮಾರುತ್ತಾರೆ, ನಂಬಬೇಡಿ. 60 ಆಗುವಷ್ಟರಲ್ಲಿ ತೋಳು ಸೋತಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಸಲೀಸು. ಆದರೆ ಆ ಗಾಳಿ ರಬ್ಬರಿನಿಂದ ಬೇಗ ಸೋರುತ್ತದೆ, ಮನೆಗೆ ಬಂದ ಮೇಲೆ ಬಿಟ್ಟು ಮಾಮೂಲಿ ಗಾಳಿ ಹೊಡೆಯಿರಿ.

8. ಚಕ್ರ ಸೇರಿಸಿ, ಚಕ್ರದ ಲಿವರ್ ಮುಚ್ಚಿ. ಅಂಗೈಯಲ್ಲಿ ಗುರುತು ಬೀಳುವಷ್ಟು ಬಿಗಿ ಇರಬೇಕು. ಸಡಿಲಿಸಿದ ಬ್ರೇಕ್ ನೆನಪಿದೆ ಅಲ್ವಾ? ಇದನ್ನು ಮರೆತು ಇಳಿಜಾರಿಗೆ ಹೊರಟವರನ್ನು ನಾನೇ ಕೂಗಿ ನಿಲ್ಲಿಸಿದ್ದೇನೆ.

ಹಳೇ ಟ್ಯೂಬ್ ಜೇಬಿಗೆ ಹಾಕಿಕೊಂಡು ಬನ್ನಿ. ಸಂಜೆ ಪ್ಯಾಚ್ ಹಾಕಬಹುದು. ತೂತಿನ ಸುತ್ತ ಮರಳು ಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಐದು ನಿಮಿಷ ಒಣಗಲು ಬಿಡಿ. ಒದ್ದೆ ಇರುವಾಗಲೇ ಪ್ಯಾಚ್ ಒತ್ತಿದರೆ ನಿಲ್ಲಲ್ಲ.