ಹೇಸ್ ಕೋಡ್ ಚಿತ್ರಗಳನ್ನು ಕನ್ನಡ ಸಬ್‌ಟೈಟಲ್ ಹಾಕಿ ತೋರಿಸಿದ್ದು: ನನ್ನ ಅನುಭವ

ಹಳೆಯ ಹಾಲಿವುಡ್ ಚಿತ್ರದಲ್ಲಿ ಸಲಿಂಗಿ ಪಾತ್ರ ಯಾವುದು ಅನ್ನುವುದು ಭಾಷಣ ಬಿಗಿಯದೆ ಜನಕ್ಕೆ ಹತ್ತುವುದಿಲ್ಲ ಅಂತ ಫಿಲ್ಮ್ ಸೊಸೈಟಿಯ ಹಿರಿಯರೆಲ್ಲ ಅಡ್ಡ ತಲೆ ಆಡಿಸಿದ್ದರು. ಹತ್ತುತ್ತದೆ. ಯಾವುದರ ಹಿಂದೆ ಯಾವುದನ್ನು ಹಾಕುತ್ತೀರಿ, ಸಬ್‌ಟೈಟಲ್ ಎಲ್ಲಿ ಕೂರಿಸುತ್ತೀರಿ, ಎಲ್ಲಾ ಅದರಲ್ಲೇ ಇದೆ.

ನೇರ 'ರೆಬೆಕಾ' (1940) ಹಾಕಿದರೆ, ಸತ್ತ ಒಡತಿಯ ಗುಂಗಿನಲ್ಲೇ ಇರುವ ಮನೆವಾರ್ತೆಯ ಮಿಸೆಸ್ ಡ್ಯಾನ್ವರ್ಸ್ ಬರೀ ಗಂಟುಮುಖದ ಹೆಂಗಸಾಗಿ ಉಳಿಯುತ್ತಾಳೆ. ಹಾಲಿವುಡ್ ಸ್ಟುಡಿಯೋಗಳು ತಮಗೆ ತಾವೇ ಹಾಕಿಕೊಂಡ ನೀತಿ ನಿಯಮಾವಳಿ ಈ ಹೇಸ್ ಕೋಡ್; 1934ರ ಜುಲೈನಿಂದ ಅದು ಬಿಗಿಯಾಗಿ ಜಾರಿಯಾದ ಮೇಲೆ ಸಲಿಂಗ ಸಂಬಂಧದ ಸುಳಿವು ಕೊಡುವಂತೆಯೂ ಇರಲಿಲ್ಲ. ಹಾಗಾಗಿ ಅದಕ್ಕೆ ಹಿಂದಿನ ತುಣುಕುಗಳ ಹತ್ತು-ಹನ್ನೆರಡು ನಿಮಿಷದ ರೀಲ್ ಮೊದಲು ಓಡಿಸಬೇಕು. 'ಮೊರಾಕೊ'ದಲ್ಲಿ (1930) ಕೋಟು-ಟೋಪಿಯ ನಟಿ ಡೀಟ್ರಿಚ್ ಹೆಣ್ಣೊಬ್ಬಳ ತುಟಿಗೆ ಮುತ್ತಿಡುವುದು, ಜರ್ಮನಿಯ 'ಮೇಡ್ಖೆನ್ ಇನ್ ಉನಿಫಾರ್ಮ್'ನಲ್ಲಿ (1931) ಟೀಚರ್ ಮಲಗುವ ಹುಡುಗಿಯರ ಹಣೆಗೆಲ್ಲ ಮುತ್ತಿಟ್ಟು ಮನುವೆಲಾಳ ತುಟಿಗೆ ಇಡುವುದು, 'ಕ್ವೀನ್ ಕ್ರಿಸ್ಟಿನಾ'ದಲ್ಲಿ (1933) ಗಂಡುಡುಪಿನ ರಾಣಿಯಾಗಿ ನಟಿ ಗಾರ್ಬೋ. ಇಷ್ಟು ನೋಡಿದ ಕಣ್ಣಿಗೆ ಡ್ಯಾನ್ವರ್ಸ್ ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು 'ರೆಬೆಕಾ'ದಲ್ಲಿ ಸತ್ತ ಒಡತಿಯ ಕೋಣೆಯ ದೃಶ್ಯ. ಡ್ಯಾನ್ವರ್ಸ್ ಅವಳ ತುಪ್ಪಳದ ಕೋಟನ್ನು ಮನೆಯೊಡೆಯನ ಎರಡನೇ ಹೆಂಡತಿಯ ಕೆನ್ನೆಗೆ ಸವರುತ್ತಾಳೆ, ಆಮೇಲೆ ತೆಳು ರಾತ್ರಿಯುಡುಪಿನ ಒಳಗೆ ತನ್ನ ಕೈ ತೂರಿಸಿ ತೋರಿಸುತ್ತಾಳೆ. ಸರಿಯಾಗಿ ಆ ಹೊತ್ತಿಗೆ ಕೆಳಗೆ ಎರಡು ಸಾಲು ಬಂದರೆ ನೋಡುವವರ ಕಣ್ಣು ಅಕ್ಷರಕ್ಕೆ ಇಳಿದು ಕೈ ತಪ್ಪಿಹೋಗುತ್ತದೆ. ಮಾತನ್ನು ಒಂದೇ ಸಾಲಿಗೆ ಇಳಿಸಿ, ಸಬ್‌ಟೈಟಲ್ ಕೂರಿಸುವ ತಂತ್ರಾಂಶ ಏಜಿಸಬ್‌ನಲ್ಲಿ ಅಲೈನ್‌ಮೆಂಟ್ 8 ಕೊಟ್ಟು ತೆರೆಯ ಮೇಲ್ಭಾಗಕ್ಕೆ ಒಯ್ದು, ಕೈ ಆಡುವ ಅರ್ಧ ಸೆಕೆಂಡ್ ಮೊದಲೇ ಅಳಿಸಿಬಿಡಿ. ಕನ್ನಡಕ್ಕೆ ಸಾಲಿಗೆ 26-28 ಅಕ್ಷರ, ಸೆಕೆಂಡಿಗೆ ಹತ್ತು-ಹನ್ನೊಂದು ಮೀರಬಾರದು.

ಚಿತ್ರ ಬಾಯಿಬಿಟ್ಟು ಹೇಳದ್ದನ್ನು ಸಬ್‌ಟೈಟಲ್‌ನಲ್ಲಿ ತುಂಬಬೇಡಿ. 'ದ ಚಿಲ್ಡ್ರನ್ಸ್ ಅವರ್'ನಲ್ಲಿ (1961) ಇಬ್ಬರು ಟೀಚರ್‌ಗಳ ನಡುವೆ ಸಲಿಂಗ ಸಂಬಂಧವಿದೆ ಅನ್ನುವ ಆರೋಪವನ್ನು ಹುಡುಗಿ ಕಾರಿನಲ್ಲಿ ಅಜ್ಜಿಗೆ ಪಿಸುಗುಟ್ಟಿದ್ದು ನಮಗೆ ಕೇಳಿಸುವುದೇ ಇಲ್ಲ. ದುಡ್ಡು ಕೊಟ್ಟು ಮಾಡಿಸಿದ ಸಬ್‌ಟೈಟಲ್‌ನಲ್ಲಿ ಅಲ್ಲೂ ಒಂದು ವಾಕ್ಯ ತುರುಕಿತ್ತು! ಅಳಿಸಿದೆ. ಈ ಚಿತ್ರಕ್ಕೆ ಮೂಲವಾದ ನಾಟಕವನ್ನು ಇದೇ ನಿರ್ದೇಶಕ ವೈಲರ್ 1936ರಲ್ಲಿ 'ದೀಸ್ ತ್ರೀ' ಅಂತ ತೆಗೆದಾಗ ಆರೋಪವನ್ನೇ ಗಂಡು-ಹೆಣ್ಣಿನ ಸಂಬಂಧಕ್ಕೆ ತಿರುಗಿಸಿದ್ದರು. ಎರಡನ್ನೂ ಒಂದೇ ದಿನ ಹಾಕಿ, ಮಧ್ಯೆ ಚಹಾ. ಆದರೆ 1936ರದ್ದು ಮೊದಲು.

ಕೆಡುವುದು ಹೆಚ್ಚಾಗಿ ಎರಡು ಕಡೆ. ಹಾಲ್‌ಗಳ ಹಳೆಯ ಪ್ಲೇಯರ್‌ಗಳು ಒತ್ತಕ್ಷರ ಒಡೆಯುತ್ತವೆ ಇಲ್ಲವೇ ಚೌಕ ತೋರಿಸುತ್ತವೆ. ಆದ್ದರಿಂದ ನೋಟೋ ಸ್ಯಾನ್ಸ್ ಕನ್ನಡ ಫಾಂಟ್‌ನಲ್ಲಿ ಚಿತ್ರದೊಳಗೇ ಅಚ್ಚೊತ್ತಿಸಿ, ಕೆಳಗಿನ ಅಂಚು ಧಾರಾಳವಾಗಿ ಬಿಡಿ. ಇನ್ನೊಂದು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಓಡುತ್ತದೆ ಅನ್ನುವ ಲೆಕ್ಕ. 23.976ಕ್ಕೆ ಕೂರಿಸಿದ ಫೈಲನ್ನು 25ರ ಡಿಸ್ಕ್‌ಗೆ ಹಾಕಿದರೆ 130 ನಿಮಿಷದ 'ರೆಬೆಕಾ' ಮುಗಿಯುವ ಹೊತ್ತಿಗೆ ಅಕ್ಷರ ಐದು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿರುತ್ತದೆ. ಮೊದಲ ಹತ್ತು ನಿಮಿಷ ನೋಡಿ ಸರಿಯಿದೆ ಅಂದುಕೊಳ್ಳಬೇಡಿ, ಕೊನೆಯ ರೀಲ್ ನೋಡಿ.

ದುಡ್ಡಿನ ಲೆಕ್ಕ ನೆನಪಿನಿಂದ: ಸಬ್‌ಟೈಟಲ್ ನಿಮಿಷಕ್ಕೆ ಅರುವತ್ತು-ಎಪ್ಪತ್ತು ರೂಪಾಯಿ, ಹಾಲ್ ಬಾಡಿಗೆ ನಾಲ್ಕು ಸಾವಿರದ ಆಸುಪಾಸು ಇತ್ತು. ನಮ್ಮ ಕಾಯ್ದೆಯಲ್ಲಿ ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ, ಆದ್ದರಿಂದ ಇವುಗಳ ಹಕ್ಕು ಮುಗಿದಿದೆ. ಮೂಕಿ ಚಿತ್ರಕ್ಕೆ ಈಚೆಗೆ ಕೂಡಿಸಿದ ಸಂಗೀತದ ಹಕ್ಕು ಬೇರೆ, ಅದನ್ನು ಮ್ಯೂಟ್ ಮಾಡಿ. ಭಾಷಣಕಾರರ ಗೌರವಧನ ಉಳಿಯಿತು: 1919ರ ಮೂಕಿ ಚಿತ್ರ 'ಆಂಡರ್ಸ್ ಆಲ್ಸ್ ಡೀ ಆಂಡರ್ನ್'ನಲ್ಲಿ, ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಜರ್ಮನಿಯ 175ನೇ ಕಲಮು ಹಿಡಿದು ಬ್ಲ್ಯಾಕ್‌ಮೇಲ್ ಮಾಡುವುದನ್ನು ಕಂಡ ಬೆಂಗಳೂರಿನ ಸಭೆ ತಾನಾಗಿಯೇ ನಮ್ಮ 377ನೇ ಕಲಮಿನ ಮಾತೆತ್ತಿತು.

ಆ ಚಿತ್ರದಲ್ಲಿ ಉಳಿದಿರುವುದು ಸುಮಾರು 50 ನಿಮಿಷ. ನಟ ಕಾನ್ರಾಡ್ ವೈಟ್ ಅದರಲ್ಲಿ ಪಿಟೀಲು ವಾದಕ. ಮ್ಯೂಟ್ ಮಾಡಿದ ಸಂಗೀತದ ಬದಲು ನಮ್ಮವರೊಬ್ಬರಿಂದ ಕರ್ನಾಟಕ ಶೈಲಿಯಲ್ಲೇ ಪಿಟೀಲು ನುಡಿಸಿ ನೋಡಿದೆವು. ಪೂರ್ತಿ ನುಡಿಸಿದರೆ ಕಚೇರಿಯಾಗುತ್ತದೆ. ತೆರೆಯ ಮೇಲೆ ಪಿಟೀಲು ಕಂಡಾಗ ಮಾತ್ರ ಆಲಾಪನೆ, ಉಳಿದಂತೆ ಬರೀ ಶ್ರುತಿ. ಮೃದಂಗ ಬೇಡವೇ ಬೇಡ, ತಾಳ ಶುರುವಾದರೆ ಪ್ರತಿ ಕಟ್ ತಡವಾದಂತೆ ಕಾಣುತ್ತದೆ.